ವಂಶವಾಹಿ ತಪಾಸಣೆ ಮತ್ತು ಜನಪದರ ಮೌಲ್ಯಪ್ರಜ್ಞೆ: ಕುಡಗೋಲು ಕಣ ಕಾಯಿಲೆಯನ್ನು ಅನುಲಕ್ಷಿಸಿ

ವಂಶವಾಹಿ ತಪಾಸಣೆಯನ್ನು ಕುರಿತ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ವೈದ್ಯರ, ಜೀವವಿಜ್ಞಾನಿಗಳ ಮತ್ತು ಕಾನೂನು ತಜ್ಞರ ವಲಯದಲ್ಲಿಯೇ ನಡೆದಿದೆ. ಜಾನಪದ ಅಧ್ಯಯನಕ್ಕೂ ಇದಕ್ಕೂ ಏನು ಸಂಬಂಧವೆಂಬ ಪ್ರಶ್ನೆ ಸಹಜವಾದುದೇ. ಆದರೆ ಈ ತಪಾಸಣೆಯ ಹಿಂದಿರುವ ಪ್ರಶ್ನೆಗಳನ್ನು ಗಮನಿಸಿದರೆ ಸಂಬಂಧ ತಾನಾಗಿ ಸ್ಪಷ್ಟವಾಗುತ್ತದೆ. ಈ ವ್ಯಕ್ತಿ ಯಾರ ವಂಶದವನು, ಅವನ ರಕ್ತದಲ್ಲಿ ಏನು ಹರಿದು ಬಂದಿದೆ, ಅವನು ಯಾರನ್ನು ಮದುವೆಯಾಗಬಹುದು, ಯಾರನ್ನು ಆಗಬಾರದು, ಹುಟ್ಟುವ ಮಗು ಹೇಗಿರುತ್ತದೆ ಎಂಬ ಈ ಪ್ರಶ್ನೆಗಳನ್ನು ಜನಪದರು ಬಹುಕಾಲದಿಂದ ಕೇಳಿಕೊಂಡು ಬಂದಿದ್ದಾರೆ; ಅವುಗಳಿಗೆ ಬಳಿ, ಬೆಡಗು, ಕುಲ, ಸೋದರಿಕೆ, ಹಣೆಬರಹ ಮುಂತಾದ ಪರಿಕಲ್ಪನೆಗಳ ಮೂಲಕ ತಮ್ಮದೇ ಆದ ಉತ್ತರಗಳನ್ನು ಕಟ್ಟಿಕೊಂಡಿದ್ದಾರೆ. ಹೊಸ ತಪಾಸಣೆಯು ಬರಿದಾದ ಬಯಲಿಗೆ ಬರುತ್ತಿಲ್ಲ. ಈಗಾಗಲೇ ಅರ್ಥಗಳಿಂದ ತುಂಬಿರುವ ಲೋಕವೊಂದನ್ನು ಪ್ರವೇಶಿಸುತ್ತಿದೆ. ಆ ಲೋಕದ ಮೌಲ್ಯಗಳು ತಪಾಸಣೆಯನ್ನು ಹೇಗೆ ಬರಮಾಡಿಕೊಳ್ಳುತ್ತವೆ ಎಂಬುದನ್ನು ಕುಡಗೋಲು ಕಣ ಕಾಯಿಲೆಯ ನಿದರ್ಶನವನ್ನು ಮುಖ್ಯವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಕಾಯಿಲೆಯ ಸ್ವರೂಪ ಮತ್ತು ತಪಾಸಣೆಯ ಹಿನ್ನೆಲೆ

ರಕ್ತದ ಕೆಂಪುಕಣಗಳು ಸಾಮಾನ್ಯವಾಗಿ ದುಂಡಗಿದ್ದು ಬಳುಕುವ ಗುಣವುಳ್ಳವು. ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ಬೀಟಾ ಸರಪಣಿಯಲ್ಲಿ ಆರನೆಯ ಸ್ಥಾನದ ಗ್ಲುಟಾಮಿಕ್ ಆಮ್ಲದ ಬದಲಿಗೆ ವ್ಯಾಲಿನ್ ಬಂದರೆ, ಆಮ್ಲಜನಕ ಕಡಿಮೆಯಾದಾಗ ಕಣಗಳು ಕುಡಗೋಲಿನ ಆಕಾರಕ್ಕೆ ತಿರುಗಿ ಗಡುಸಾಗುತ್ತವೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೂಳೆ, ಕೀಲು, ಎದೆಗಳಲ್ಲಿ ತಡೆಯಲಾಗದ ನೋವು, ರಕ್ತಹೀನತೆ, ಪದೇ ಪದೇ ಸೋಂಕು ಇದರ ಲಕ್ಷಣಗಳು. 1910ರಲ್ಲಿ ಅಮೆರಿಕದ ವೈದ್ಯ ಜೇಮ್ಸ್ ಹೆರಿಕ್ ಇದನ್ನು ಮೊದಲಿಗೆ ವಿವರಿಸಿದನು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಇದನ್ನು ಅಣುಮಟ್ಟದ ಕಾಯಿಲೆಯೆಂದು ತೋರಿಸಿಕೊಟ್ಟರು. ಭಾರತದಲ್ಲಿ 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ಎಂಬ ವಿದ್ವಾಂಸರು ನೀಲಗಿರಿಯ ಬುಡಕಟ್ಟುಗಳಲ್ಲಿ ಇದರ ಅಂಶವನ್ನು ಗುರುತಿಸಿದರು. ಕರ್ನಾಟಕದ ದಕ್ಷಿಣದ ಅರಣ್ಯಪ್ರದೇಶವು ಇದೇ ನೀಲಗಿರಿಗೆ ಹೊಂದಿಕೊಂಡದ್ದೆಂಬುದು ಗಮನಾರ್ಹ.

ತಾಯಿಯಿಂದ ಒಂದು, ತಂದೆಯಿಂದ ಒಂದು ಹೀಗೆ ಎರಡೂ ಕಡೆಯಿಂದ ಬದಲಾದ ವಂಶವಾಹಿ ಬಂದರೆ ಮಾತ್ರ ಕಾಯಿಲೆ ಉಂಟಾಗುತ್ತದೆ. ಒಂದೇ ಕಡೆಯಿಂದ ಬಂದವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಅಂತಹ ಇಬ್ಬರು ಮದುವೆಯಾದರೆ ಪ್ರತಿಯೊಂದು ಗರ್ಭದಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಂಭವ 25ರಷ್ಟು, ತಂದೆತಾಯಿಯರಂತೆಯೇ ಒಂದಂಶವನ್ನು ಪಡೆಯುವ ಸಂಭವ 50ರಷ್ಟು, ಏನೂ ಇಲ್ಲದಿರುವ ಸಂಭವ 25ರಷ್ಟು ಶೇಕಡಾ ಇರುತ್ತದೆ. ಮಲೇರಿಯಾ ಹಬ್ಬಿದ ಪ್ರದೇಶಗಳಲ್ಲಿ ಒಂದಂಶವುಳ್ಳವರಿಗೆ ಆ ಜ್ವರದ ತೀವ್ರರೂಪದಿಂದ ರಕ್ಷಣೆ ದೊರೆಯುತ್ತದೆಂಬುದನ್ನು 1954ರಲ್ಲಿ ಆಂಟನಿ ಆಲಿಸನ್ ತೋರಿಸಿದನು. ಕಾಡಿನ ಜನರಲ್ಲಿ ಈ ವಂಶವಾಹಿ ಉಳಿದು ಬಂದುದಕ್ಕೆ ಇದೇ ಕಾರಣ. ಎಂದರೆ, ಇಂದು ದೋಷವೆಂದು ಎಣಿಸಲಾಗುತ್ತಿರುವುದು ಹಿಂದೊಮ್ಮೆ ಮಕ್ಕಳನ್ನು ಉಳಿಸಿದ ರಕ್ಷೆಯೂ ಆಗಿತ್ತು.

ಭಾರತ ಸರ್ಕಾರವು 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನವನ್ನು ಆರಂಭಿಸಿತು. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ನಡೆಸುವುದು, 2047ರ ವೇಳೆಗೆ ಕಾಯಿಲೆಯನ್ನು ನಿರ್ಮೂಲಗೊಳಿಸುವುದು ಇದರ ಗುರಿ. ಕರ್ನಾಟಕವೂ ಇದರ ವ್ಯಾಪ್ತಿಗೆ ಸೇರಿದೆ. 2025ರ ಮಧ್ಯಭಾಗದ ವೇಳೆಗೆ ದೇಶದಲ್ಲಿ ಸುಮಾರು 6 ಕೋಟಿ ಜನರ ತಪಾಸಣೆ ನಡೆದಿತ್ತು. ತಪಾಸಣೆಗೆ ಒಳಗಾದವರಿಗೆ ಅವರ ಸ್ಥಿತಿಯನ್ನು ಸೂಚಿಸುವ ಕಾರ್ಡನ್ನು ನೀಡಲಾಗುತ್ತದೆ. ನಮ್ಮ ಚರ್ಚೆಯ ಕೇಂದ್ರ ಈ ಕಾರ್ಡೇ ಆಗಿದೆ.

2. ವಂಶವನ್ನು ಕುರಿತ ಜನಪದ ಪರಿಕಲ್ಪನೆ

ಕನ್ನಡದಲ್ಲಿ ವಂಶವನ್ನು ಹೇಳುವ ಪದಗಳು ಬಹುಪಾಲು ಸಸ್ಯಲೋಕದಿಂದ, ನೇಯ್ಗೆಯಿಂದ ಮತ್ತು ದೇಹದಿಂದ ಬಂದವು. ವಂಶದ ಕುಡಿ, ಕರುಳಬಳ್ಳಿ, ಬೇರು, ಬೀಜ, ಒಡಹುಟ್ಟು ಮುಂತಾದ ಪದಗಳಲ್ಲಿ ಹುಟ್ಟು ಎಂಬುದು ಒಬ್ಬರಿಂದೊಬ್ಬರಿಗೆ ಹಬ್ಬುವ, ಕವಲೊಡೆಯುವ ಕ್ರಿಯೆಯಾಗಿ ಕಾಣುತ್ತದೆ. 'ತಾಯಿಯಂತೆ ಮಗಳು ನೂಲಿನಂತೆ ಸೀರೆ' ಎಂಬ ಗಾದೆ ಗುಣವು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆಂಬ ನಂಬಿಕೆಯನ್ನು ನೇರವಾಗಿ ಸಾರುತ್ತದೆ. ಇದಕ್ಕೆ ಎದುರಾಗಿ 'ನದೀಮೂಲ ಋಷಿಮೂಲ ಕೆದಕಬಾರದು' ಎಂಬ ಮಾತೂ ನಮ್ಮಲ್ಲಿದೆ. ಮೂಲವನ್ನು ತಿಳಿಯಬೇಕೆಂಬ ಆಸೆ ಮತ್ತು ಮೂಲವನ್ನು ಕೆದಕಬಾರದೆಂಬ ವಿವೇಕ ಇವೆರಡೂ ಒಂದೇ ಸಂಸ್ಕೃತಿಯಲ್ಲಿ ಜೊತೆಜೊತೆಯಾಗಿ ಬಾಳಿವೆ.

ಉತ್ತರ ಕರ್ನಾಟಕದ ಅನೇಕ ಕಡೆ ಮಗು ಹುಟ್ಟಿದ ಐದನೆಯ ಅಥವಾ ಆರನೆಯ ದಿನ ಶೆಟಿಗೆವ್ವನ ಪೂಜೆ ನಡೆಯುತ್ತದೆ. ಅಂದಿನ ರಾತ್ರಿ ಆಕೆ ಬಂದು ಮಗುವಿನ ಹಣೆಬರಹ ಬರೆಯುತ್ತಾಳೆಂಬುದು ನಂಬಿಕೆ. ಇಂದು ಹೊಸದಾಗಿ ಹುಟ್ಟಿದ ಮಗುವಿನ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಪರೀಕ್ಷಿಸುವ ಪದ್ಧತಿಯೂ ಬದುಕಿನ ಮೊದಲ ವಾರದಲ್ಲಿಯೇ ನಡೆಯುವಂಥದು. ಆದರೆ ಎರಡಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಶೆಟಿಗೆವ್ವನ ಬರಹವನ್ನು ಯಾರೂ ಓದಲಾರರು. ಆ ಅಜ್ಞಾನವೇ ಒಂದು ಬಗೆಯ ನೆಮ್ಮದಿ. ಕಷ್ಟ ಬಂದಾಗ 'ಹಣೆಬರಹ' ಎಂದು ಹೇಳಿ ತಾಯಿಯನ್ನಾಗಲಿ ತಂದೆಯನ್ನಾಗಲಿ ದೂರದೆ ಇರಲು ಅದು ದಾರಿ ಮಾಡಿಕೊಡುತ್ತದೆ. ಪ್ರಯೋಗಾಲಯದ ಬರಹವನ್ನಾದರೋ ಓದಬಹುದು. ಓದಿದ ಮೇಲೆ ಅದು ಯಾರಿಂದ ಬಂತೆಂದು ಕೇಳಲೂಬಹುದು. ಹಣೆಬರಹದ ಭಾಷೆ ದುಃಖವನ್ನು ಹಂಚಿ ಹಗುರ ಮಾಡಿದರೆ, ವಂಶವಾಹಿಯ ಭಾಷೆ ಅದನ್ನು ಒಬ್ಬರ ತಲೆಗೆ ಕಟ್ಟುವ ಅಪಾಯವಿದೆ. ಜನರು ತಪಾಸಣೆಗೆ ಹಿಂಜರಿಯುವುದನ್ನು ಅಜ್ಞಾನವೆಂದು ತಳ್ಳಿಹಾಕುವ ಮೊದಲು ಈ ವ್ಯತ್ಯಾಸವನ್ನು ಗಮನಿಸಬೇಕು.

3. ಬಳಿ, ಬೆಡಗು ಮತ್ತು ಸೋದರಿಕೆ

ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರಲ್ಲಿ ಹೆಣ್ಣು ತರಬಾರದೆಂಬ ನಿಯಮವನ್ನು ಮುಂದಿಟ್ಟು ನಮ್ಮ ಪೂರ್ವಿಕರಿಗೆ ಆಧುನಿಕ ವಂಶವಾಹಿ ವಿಜ್ಞಾನ ತಿಳಿದಿತ್ತೆಂದು ಹೇಳುವ ಪ್ರವೃತ್ತಿ ಕೆಲವು ಬರಹಗಳಲ್ಲಿ ಕಂಡುಬರುತ್ತದೆ. ಈ ವಾದವನ್ನು ಒಪ್ಪುವುದು ಕಷ್ಟ. ಬೆಡಗು ತಂದೆಯ ಸಾಲಿನಲ್ಲಿ ಇಳಿಯುತ್ತದೆ. ಅಳಿಯಸಂತಾನ ಪದ್ಧತಿಯಿದ್ದ ತುಳುನಾಡಿನಲ್ಲಿ ಬಳಿ ತಾಯಿಯ ಸಾಲಿನಲ್ಲಿ ಇಳಿಯುತ್ತದೆ. ಎರಡೂ ಒಂದೊಂದು ಸಾಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತವೆ. ವಂಶವಾಹಿಗಳಾದರೋ ಎರಡೂ ಕಡೆಯಿಂದ ಸಮನಾಗಿ ಬರುತ್ತವೆ. ಬೆಡಗಿನ ನಿಯಮದಂತೆ ಅಕ್ಕನ ಮಗಳೂ ಸೋದರಮಾವನ ಮಗಳೂ ಬೇರೆ ಬೆಡಗಿನವರು; ಆದ್ದರಿಂದ ಮದುವೆಗೆ ಯೋಗ್ಯರು. ವಿಜ್ಞಾನದ ಲೆಕ್ಕದಲ್ಲಿ ಅವರು ತೀರ ಹತ್ತಿರದ ರಕ್ತಸಂಬಂಧಿಗಳು.

1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರುಗಳಲ್ಲಿ ನವಜಾತ ಶಿಶುಗಳ ತಪಾಸಣೆಯ ಸಂದರ್ಭದಲ್ಲಿ ಎನ್. ಅಪ್ಪಾಜಿ ರಾವ್, ಅಲನ್ ಬಿಟಲ್ಸ್ ಮೊದಲಾದವರು ನಡೆಸಿದ ಅಧ್ಯಯನಗಳು, ಸುಮಾರು ಮೂರನೆಯ ಒಂದು ಭಾಗದಷ್ಟು ಮದುವೆಗಳು ರಕ್ತಸಂಬಂಧದೊಳಗೆ ನಡೆದಿದ್ದುವೆಂದು ತಿಳಿಸಿದುವು. ಅವುಗಳಲ್ಲಿ ಸೋದರಮಾವ ಮತ್ತು ಸೊಸೆಯ ಮದುವೆಗಳು ಗಣನೀಯ ಪ್ರಮಾಣದಲ್ಲಿದ್ದುವು. ಸೋದರಿಕೆಯನ್ನು ಅವೈಜ್ಞಾನಿಕವೆಂದು ಒಂದೇ ಮಾತಿನಲ್ಲಿ ಖಂಡಿಸುವುದು ಸುಲಭ. ಆದರೆ ಅದರ ಹಿಂದಿರುವ ಮೌಲ್ಯಗಳನ್ನು ಮರೆಯುವಂತಿಲ್ಲ. ಭೂಮಿ ಒಡೆಯದಿರಲಿ, ತೆರ ಅಥವಾ ವರದಕ್ಷಿಣೆಯ ಹೊರೆ ತಗ್ಗಲಿ ಎಂಬ ಆರ್ಥಿಕ ಕಾರಣಗಳ ಜೊತೆಗೆ, ಮಗಳು ತವರಿನ ನೆರಳಿನಲ್ಲಿಯೇ ಉಳಿಯಲಿ, ಅತ್ತೆಯಾಗುವವಳು ಅವಳ ಅಜ್ಜಿಯೋ ಸೋದರತ್ತೆಯೋ ಆಗಿರಲಿ ಎಂಬ ಆಶಯವೂ ಅಲ್ಲಿತ್ತು. ತಪಾಸಣೆಯು ಸೋದರಿಕೆಯನ್ನು ಪ್ರಶ್ನಿಸುವಾಗ ಹೆಣ್ಣಿಗೆ ದೊರೆಯುತ್ತಿದ್ದ ಈ ಭದ್ರತೆಯ ಬದಲಿಗೆ ಏನನ್ನು ಕೊಡುತ್ತದೆಂಬ ಪ್ರಶ್ನೆ ಉಳಿಯುತ್ತದೆ.

ಬುಡಕಟ್ಟುಗಳ ವಿಷಯದಲ್ಲಿ ಪರಿಸ್ಥಿತಿ ಇನ್ನೂ ಸೂಕ್ಷ್ಮವಾದುದು. ಸೋಲಿಗರಲ್ಲಿ ಕುಲದ ಹೊರಗೆ ಮದುವೆಯಾಗಬೇಕೆಂಬ ನಿಯಮವಿದೆ. ಆದರೆ ಇಡೀ ಸಮುದಾಯವೇ ಚಿಕ್ಕದು. ಮದುವೆಗಳು ಅದರೊಳಗೇ ನಡೆಯುವಂಥವು. ಆದುದರಿಂದ ಕುಲನಿಯಮ ಪಾಲಿಸಿದ ಮಾತ್ರಕ್ಕೆ ಒಂದೇ ವಂಶವಾಹಿಯುಳ್ಳ ಇಬ್ಬರು ಸೇರುವುದು ತಪ್ಪುವುದಿಲ್ಲ. ಸಂಬಂಧ ಬೆಳೆಸುವುದು ಈ ಸಮುದಾಯಕ್ಕೆ ಎಷ್ಟು ಮಹತ್ವದ್ದೆಂದರೆ ಬಿಳಿಗಿರಿರಂಗಸ್ವಾಮಿಯನ್ನು ಅವರು ಭಾವನೆಂದೇ ಕರೆಯುತ್ತಾರೆ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದ ಕಾರಣ ದೇವರೂ ನೆಂಟನಾಗಿದ್ದಾನೆ. ಮದುವೆಯ ಮೂಲಕ ದೇವರನ್ನೇ ನೆಂಟನನ್ನಾಗಿ ಮಾಡಿಕೊಂಡ ಜನರಿಗೆ ಯಾರೊಡನೆ ಸಂಬಂಧ ಕೂಡದೆಂದು ಒಂದು ಕಾರ್ಡಿನ ಮೂಲಕ ತಿಳಿಸುವುದು ಕೇವಲ ಆರೋಗ್ಯ ಸಲಹೆಯಾಗಿ ಉಳಿಯುವುದಿಲ್ಲ.

4. ಹಂದಿಗೋಡಿನ ಪಾಠ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1974-75ರ ಸುಮಾರಿಗೆ ವಿಚಿತ್ರವಾದ ಕಾಯಿಲೆಯೊಂದು ಬೆಳಕಿಗೆ ಬಂದಿತು. ಸೊಂಟ ಮತ್ತು ಮಂಡಿಯ ಕೀಲುಗಳು ಸವೆದು, ನಡೆಯಲಾರದೆ, ಕೆಲವರಲ್ಲಿ ಬೆಳವಣಿಗೆಯೂ ಕುಂಠಿತವಾಗುತ್ತಿತ್ತು. ಇದಕ್ಕೆ ತುತ್ತಾದವರು ಮುಖ್ಯವಾಗಿ ಚನ್ನಂಗಿ ಮತ್ತು ಚಲವಾದಿ ಸಮುದಾಯಗಳಿಗೆ ಸೇರಿದ ಬಡ ಕೃಷಿಕಾರ್ಮಿಕರು. ಮೊದಲಿಗೆ ಕೀಟನಾಶಕ ಸೇರಿದ ಗದ್ದೆಯ ಏಡಿಗಳನ್ನು ತಿಂದುದೇ ಕಾರಣವಿರಬೇಕೆಂಬ ಸಂಶಯ ಬಲವಾಗಿತ್ತು. ಅನಂತರದ ಅಧ್ಯಯನಗಳು ಇದು ವಂಶಪಾರಂಪರ್ಯವಾಗಿ ಬರುವ ಮೂಳೆಯ ದೋಷವೆಂದು, ತಂದೆತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕೆಂದು ನಿರ್ಣಯಿಸಿದುವು.

ಇಲ್ಲಿ ಗಮನಿಸಬೇಕಾದುದು ಕಾರಣದ ಸ್ಥಳಾಂತರ. ಏಡಿಯ ಕಥೆಯಲ್ಲಿ ತಪ್ಪು ಹೊರಗಿತ್ತು. ಗದ್ದೆ, ಔಷಧಿ, ಹಸಿವು ಎಲ್ಲವೂ ಆ ಕಥೆಯ ಪಾತ್ರಗಳಾಗಿದ್ದುವು. ವಂಶವಾಹಿಯ ಕಥೆಯಲ್ಲಿ ಕಾರಣವು ಮನೆಯೊಳಕ್ಕೆ, ದೇಹದೊಳಕ್ಕೆ ಬಂದಿತು. ವೈಜ್ಞಾನಿಕವಾಗಿ ಎರಡನೆಯದೇ ಸರಿಯಾದುದು. ಆದರೆ ಸಾಮಾಜಿಕವಾಗಿ ನೋಡಿದರೆ ಮೊದಲನೆಯದು ನೊಂದವರನ್ನು ಅನ್ಯಾಯಕ್ಕೆ ಒಳಗಾದವರನ್ನಾಗಿ ಕಂಡರೆ ಎರಡನೆಯದು ಅವರನ್ನು ದೋಷವುಳ್ಳವರೆಂದು ಕಾಣುವ ಅವಕಾಶ ಕಲ್ಪಿಸುತ್ತದೆ. ಊರಿನ ಹೆಸರೇ ಕಾಯಿಲೆಯ ಹೆಸರಾಗಿ ವೈದ್ಯಗ್ರಂಥಗಳಲ್ಲಿ ನೆಲೆನಿಂತುದು ಈ ಅವಕಾಶವನ್ನು ಇನ್ನಷ್ಟು ಹಿಗ್ಗಿಸಿತು. ಹೆಣ್ಣು ಕೊಡುವಾಗ, ತರುವಾಗ ಊರಿನ ಹೆಸರನ್ನೇ ಮೊದಲು ಕೇಳುವ ಸಮಾಜದಲ್ಲಿ ಇದರ ಪರಿಣಾಮ ಏನೆಂಬುದನ್ನು ವಿವರಿಸಬೇಕಾಗಿಲ್ಲ.

5. ಹೊರನಾಡಿನ ನಿದರ್ಶನಗಳು

ತಪಾಸಣೆಯ ಫಲ ಆಯಾ ಸಮುದಾಯದ ಮೌಲ್ಯಗಳನ್ನು ಅವಲಂಬಿಸಿರುತ್ತದೆಂಬುದಕ್ಕೆ ಬೇರೆ ದೇಶಗಳಲ್ಲಿಯೂ ನಿದರ್ಶನಗಳಿವೆ. ಗ್ರೀಸಿನ ಆರ್ಕೊಮೆನೋಸ್ ಎಂಬ ಊರಿನಲ್ಲಿ ಒಂದಂಶವುಳ್ಳವರು ಜನಸಂಖ್ಯೆಯ ಐದನೆಯ ಒಂದು ಭಾಗಕ್ಕಿಂತಲೂ ಹೆಚ್ಚಿದ್ದರು. ಅಲ್ಲಿ ತಪಾಸಣೆ ನಡೆಸಿ, ಸಲಹೆಯನ್ನೂ ನೀಡಿ, ಕೆಲವು ವರ್ಷಗಳ ಅನಂತರ ಸ್ಟಮಾಟೊಯಾನೊಪೌಲೋಸ್ ಎಂಬ ವಿಜ್ಞಾನಿ ಪರಿಶೀಲಿಸಿದಾಗ ಕಂಡುದು ನಿರಾಶೆಯ ಚಿತ್ರ. ಮದುವೆಯ ಮಾತುಕತೆಯಲ್ಲಿ ಒಂದಂಶವುಳ್ಳವರು ಕಳಂಕಿತರಾಗಿದ್ದರು. ಹಲವರು ಫಲಿತಾಂಶವನ್ನು ಮುಚ್ಚಿಟ್ಟಿದ್ದರು. ಅಂಥ ಇಬ್ಬರ ನಡುವಿನ ಮದುವೆಗಳ ಪ್ರಮಾಣ ತಗ್ಗಿರಲಿಲ್ಲ. 'ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು' ಎಂಬ ಗಾದೆಯನ್ನು ಬಲ್ಲ ನಮಗೆ ಇದು ಆಶ್ಚರ್ಯದ ಸಂಗತಿಯಲ್ಲ.

ಅಮೆರಿಕದಲ್ಲಿ 1972ರಲ್ಲಿ ಕುಡಗೋಲು ಕಣ ಕಾಯಿಲೆಯ ನಿಯಂತ್ರಣಕ್ಕಾಗಿ ರಾಷ್ಟ್ರೀಯ ಕಾಯಿದೆಯೊಂದು ಜಾರಿಗೆ ಬಂದಿತು. ಅದೇ ಕಾಲದಲ್ಲಿ ಹಲವು ರಾಜ್ಯಗಳು ಕಪ್ಪು ಜನರಿಗೆ ತಪಾಸಣೆಯನ್ನು ಕಡ್ಡಾಯಗೊಳಿಸಿದುವು. ಒಂದಂಶವುಳ್ಳವರಿಗೂ ರೋಗಿಗಳಿಗೂ ವ್ಯತ್ಯಾಸ ಮಾಡದೆ ಉದ್ಯೋಗ, ವಿಮೆಗಳಲ್ಲಿ ತಾರತಮ್ಯ ನಡೆಯಿತು. ಅಲ್ಲಿನ ವಾಯುಪಡೆಯ ಅಕಾಡೆಮಿಯು ಒಂದಂಶವುಳ್ಳವರನ್ನು 1981ರವರೆಗೂ ಸೇರಿಸಿಕೊಳ್ಳುತ್ತಿರಲಿಲ್ಲ. ಮೊದಲೇ ತುಳಿತಕ್ಕೊಳಗಾದ ಜನಾಂಗವೊಂದಕ್ಕೆ ತಪಾಸಣೆ ಇನ್ನೊಂದು ಹಣೆಪಟ್ಟಿಯಾಯಿತು.

ಇದಕ್ಕೆ ಭಿನ್ನವಾದುದು ಸೈಪ್ರಸ್ ದ್ವೀಪದ ಅನುಭವ. ಅಲ್ಲಿ ಥಲಸೀಮಿಯಾ ಎಂಬ ರಕ್ತದ ಕಾಯಿಲೆ ವ್ಯಾಪಕವಾಗಿತ್ತು. 1980ರ ದಶಕದಿಂದ ಅಲ್ಲಿನ ಸಾಂಪ್ರದಾಯಿಕ ಚರ್ಚು ಮದುವೆಗೆ ಮುನ್ನ ತಪಾಸಣೆಯ ಪ್ರಮಾಣಪತ್ರವನ್ನು ಕೇಳತೊಡಗಿತು. ಆ ಪತ್ರ ತಪಾಸಣೆಯೂ ಸಲಹೆಯೂ ನಡೆದಿವೆಯೆಂದು ತಿಳಿಸುತ್ತಿತ್ತೇ ಹೊರತು ಮದುವೆಯನ್ನು ತಡೆಯುತ್ತಿರಲಿಲ್ಲ. ಗರ್ಭದಲ್ಲಿಯೇ ಪತ್ತೆಹಚ್ಚುವ ಸೌಲಭ್ಯವೂ ಸೇರಿ ಕಾಯಿಲೆಯುಳ್ಳ ಮಕ್ಕಳ ಜನನ ಬಹುತೇಕ ನಿಂತುಹೋಯಿತು.

ನ್ಯೂಯಾರ್ಕಿನ ಸಂಪ್ರದಾಯನಿಷ್ಠ ಯಹೂದಿಗಳಲ್ಲಿ 1983ರಲ್ಲಿ ಆರಂಭವಾದ ಡೋರ್ ಯೆಶೋರಿಮ್ ಎಂಬ ವ್ಯವಸ್ಥೆ ಇನ್ನೂ ಕುತೂಹಲಕರ. ಟೇ-ಸ್ಯಾಕ್ಸ್ ಎಂಬ ಮಾರಕ ಕಾಯಿಲೆಯಿಂದ ತನ್ನ ನಾಲ್ವರು ಮಕ್ಕಳನ್ನು ಕಳೆದುಕೊಂಡ ಜೋಸೆಫ್ ಎಕ್‌ಸ್ಟೀನ್ ಎಂಬ ಧರ್ಮಗುರು ಇದನ್ನು ಸ್ಥಾಪಿಸಿದನು. ಇಲ್ಲಿ ತಪಾಸಣೆಗೆ ಒಳಗಾದವರಿಗೆ ಫಲಿತಾಂಶ ತಿಳಿಸದೆ ಒಂದು ಸಂಖ್ಯೆಯನ್ನು ಮಾತ್ರ ಕೊಡಲಾಗುತ್ತದೆ. ಮದುವೆಯ ಮಾತು ಬಂದಾಗ ಎರಡು ಸಂಖ್ಯೆಗಳನ್ನು ತಿಳಿಸಿದರೆ ಜೋಡಿ ಹೊಂದುತ್ತದೆಯೇ ಇಲ್ಲವೇ ಎಂಬ ಉತ್ತರ ಬರುತ್ತದೆ. ಇಬ್ಬರಲ್ಲಿಯೂ ಒಂದೇ ವಂಶವಾಹಿ ಇದ್ದಾಗ ಮಾತ್ರ 'ಇಲ್ಲ' ಎಂಬ ಉತ್ತರ ದೊರೆಯುವುದರಿಂದ ಒಬ್ಬರನ್ನೇ ಬೆರಳಿಟ್ಟು ತೋರಿಸುವಂತಿಲ್ಲ. ಸಂಬಂಧವನ್ನು ಹಿರಿಯರು ಕುದುರಿಸುವ ಆ ಸಮಾಜದ ರೀತಿಗೆ ಇದು ಹೊಂದಿಕೊಂಡಿತು.

6. ಕಾರ್ಡು, ಜಾತಕ ಮತ್ತು ಮಾತು

ನಮ್ಮ ಅಭಿಯಾನದ ಪ್ರಚಾರದಲ್ಲಿ ಕಾರ್ಡನ್ನು ಜಾತಕಕ್ಕೆ ಹೋಲಿಸುವುದು ರೂಢಿಯಾಗಿದೆ. ಜಾತಕ ಹೊಂದಿಸುವ ಮೊದಲು ಕಾರ್ಡು ಹೊಂದಿಸಿರಿ ಎಂಬುದು ಅದರ ತಿರುಳು. ಹೋಲಿಕೆ ಸುಲಭವಾಗಿ ಅರ್ಥವಾಗುತ್ತದೆ, ನಿಜ. ಆದರೆ ಯಾರಿಗೆ ಎಂಬುದು ಪ್ರಶ್ನೆ. ಜಾತಕ ಕೂಡಿಸುವುದು ಸೋಲಿಗರ, ಜೇನುಕುರುಬರ ಸಂಪ್ರದಾಯವಲ್ಲ. ಸೋಲಿಗರಲ್ಲಿ ಹುಡುಗ ಹುಡುಗಿ ಪರಸ್ಪರ ಮೆಚ್ಚಿ ಕಾಡಿಗೆ ಹೋಗಿ, ಕೆಲವು ದಿನಗಳ ಅನಂತರ ಮರಳಿ ಬಂದು, ಹಿರಿಯರು ವಿಧಿಸಿದ ಸಣ್ಣ ತಪ್ಪುಕಾಣಿಕೆ ಸಲ್ಲಿಸಿ ಸಂಸಾರ ಹೂಡುವ ಪದ್ಧತಿ ಪ್ರಸಿದ್ಧವಾದುದು. ಅಲ್ಲಿ ಆಯ್ಕೆ ಮೊದಲು, ಹಿರಿಯರ ಒಪ್ಪಿಗೆ ಅನಂತರ. ಮದುವೆಗೆ ಮುನ್ನ ಹಿರಿಯರು ಕಾರ್ಡು ಹೊಂದಿಸಬೇಕೆಂಬ ಸಲಹೆ ಈ ಕ್ರಮವನ್ನೇ ತಲೆಕೆಳಗು ಮಾಡುತ್ತದೆ. ಹೆಣ್ಣಿಗೆ ಸ್ವಂತ ಆಯ್ಕೆಯ ಸ್ವಾತಂತ್ರ್ಯ ಕೊಟ್ಟಿರುವ ಸಮುದಾಯಕ್ಕೆ, ಆ ಸ್ವಾತಂತ್ರ್ಯ ಕಡಿಮೆಯಿರುವ ಸಮಾಜದ ರೂಪಕವೊಂದನ್ನು ಅರಿವಿಲ್ಲದೆ ಹೇರಿದಂತಾಗುತ್ತದೆ. ಅಂಥಲ್ಲಿ ಹದಿಹರೆಯದವರಿಗೇ ನೇರವಾಗಿ, ಆತುರವಿಲ್ಲದೆ ವಿಷಯ ತಿಳಿಸುವುದು ಉಚಿತ ಮಾರ್ಗ. ಜೋಡಿಯಾದ ಮೇಲೆ ತಿಳಿದರೂ ಅವರಿಗೆ ಮುಂದಿನ ದಾರಿಗಳಿವೆಯೆಂಬುದನ್ನು ಹೇಳಬೇಕು.

ಎರಡನೆಯದು ಪದದ ಪ್ರಶ್ನೆ. ಒಂದಂಶವುಳ್ಳವರನ್ನು ಕನ್ನಡದಲ್ಲಿ 'ವಾಹಕ'ರೆಂದು ಕರೆಯಲಾಗುತ್ತಿದೆ. ಇದೇ ಪದವನ್ನು ಮಲೇರಿಯಾ ಹರಡುವ ಸೊಳ್ಳೆಗೂ ಬಳಸುತ್ತೇವೆ. ಕೇಳಿದವರು ಇದನ್ನು ಅಂಟುರೋಗವೆಂದು ಭಾವಿಸಿದರೆ ತಪ್ಪು ಅವರದಲ್ಲ. ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಹಿರಿಯ ಮಹಿಳೆಯೊಬ್ಬರು ಮೊಮ್ಮಗಳ ಕಾರ್ಡನ್ನು ಬಟ್ಟೆಯಲ್ಲಿ ಸುತ್ತಿ ಮಾಡಿನ ಸಂದಿಯಲ್ಲಿ ಇಟ್ಟಿದ್ದುದನ್ನು ಕಂಡಿದ್ದೇನೆ. ಅದು ಒಲೆಯ ಹತ್ತಿರ ಇದ್ದರೆ ಉಳಿದ ಮಕ್ಕಳಿಗೂ ತಾಗೀತೆಂಬುದು ಆಕೆಯ ಭಯ. ಕಾರ್ಡು ಕೊಟ್ಟವರು ಮಾತು ಕೊಡಲು ಮರೆತಿದ್ದರು. ನೇಯ್ಗೆಯ ಭಾಷೆ ಇಲ್ಲಿ ಒದಗಿಬರಬಲ್ಲುದು. ಬಟ್ಟೆಗೆ ಹಾಸು ಒಂದು, ಹೊಕ್ಕು ಒಂದು ಇರುವಂತೆ ಮಗುವಿಗೆ ತಾಯಿಯ ಎಳೆ ಒಂದು, ತಂದೆಯ ಎಳೆ ಒಂದು. ಒಂದೆಳೆ ಬದಲಾಗಿದ್ದರೂ ಬಟ್ಟೆ ಬಾಳುತ್ತದೆ; ಎರಡೆಳೆಯೂ ಬದಲಾದಾಗ ಮಾತ್ರ ಜೋಪಾನ ಬೇಕು. 'ವಾಹಕ'ರ ಬದಲು 'ಒಂದೆಳೆಯವರು' ಎಂಬಂಥ ಪದವನ್ನು ಬಳಸಿದರೆ ಅರ್ಥವೂ ತಿಳಿಯುತ್ತದೆ, ಮಾನವೂ ಉಳಿಯುತ್ತದೆ.

ಮೂರನೆಯದು ಹೆಣ್ಣಿನ ಮೇಲೆ ಬೀಳುವ ಹೊರೆ. ಗಂಡು ಹೆಣ್ಣು ಇಬ್ಬರಿಂದಲೂ ಸಮನಾಗಿ ಬರುವ ಗುಣವೆಂದು ವಿಜ್ಞಾನ ಹೇಳಿದರೂ, ಬಂಜೆತನವನ್ನಾಗಲಿ ಮಗುವಿನ ಕಾಯಿಲೆಯನ್ನಾಗಲಿ ಬಸಿರಿನ ತಪ್ಪೆಂದು ಕಾಣುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಗರ್ಭಸ್ಥ ಶಿಶುವಿನ ದೋಷಗಳನ್ನು ತಿಳಿಯಲು ಬಂದ ವಿಧಾನಗಳು ಹೆಣ್ಣುಭ್ರೂಣದ ಹತ್ಯೆಗೆ ಬಳಕೆಯಾಗಿ, 1994ರಲ್ಲಿ ಅದನ್ನು ತಡೆಯಲು ಕಾಯಿದೆಯನ್ನೇ ತರಬೇಕಾಯಿತು. ತಂತ್ರಜ್ಞಾನವು ಸಮಾಜದ ಮೌಲ್ಯಗಳನ್ನು ತಾನಾಗಿ ತಿದ್ದುವುದಿಲ್ಲ, ಅವುಗಳಿಗೆ ಹೊಸ ಕೈ ಕೊಡುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ನಾಲ್ಕನೆಯದು ಗೋಪ್ಯತೆ. ವಂಶವಾಹಿಯ ಆಧಾರದ ತಾರತಮ್ಯದ ವಿರುದ್ಧ ಅಮೆರಿಕದಲ್ಲಿ 2008ರಲ್ಲಿ ಪ್ರತ್ಯೇಕ ಕಾಯಿದೆ ಬಂದಿತು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯಿದೆಯಿಲ್ಲ. 2018ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಆರೋಗ್ಯ ವಿಮೆಯ ಪ್ರಕರಣವೊಂದರಲ್ಲಿ ಇಂಥ ತಾರತಮ್ಯ ಸಂವಿಧಾನದ 14ನೆಯ ವಿಧಿಗೆ ವಿರುದ್ಧವೆಂದು ಹೇಳಿತು. ಆದರೆ ಹಾಡಿ ಪೋಡುಗಳಲ್ಲಿ ಗೋಪ್ಯತೆಯ ಪ್ರಶ್ನೆ ನ್ಯಾಯಾಲಯದವರೆಗೆ ಹೋಗುವಂಥದಲ್ಲ. ಎಲ್ಲರೆದುರು ಹೆಸರು ಕೂಗಿ ಫಲಿತಾಂಶ ಹೇಳುವುದೋ, ಒಬ್ಬೊಬ್ಬರನ್ನೇ ಕರೆದು ತಿಳಿಸುವುದೋ ಎಂಬಲ್ಲಿಯೇ ಅದು ತೀರ್ಮಾನವಾಗುತ್ತದೆ.

7. ಸಮಾರೋಪ

ಒಟ್ಟಾರೆಯಾಗಿ ಹೇಳುವುದಾದರೆ, ವಂಶವಾಹಿ ತಪಾಸಣೆಯನ್ನು ಜನರು ಒಪ್ಪುತ್ತಾರೆಯೇ ವಿರೋಧಿಸುತ್ತಾರೆಯೇ ಎಂಬ ಪ್ರಶ್ನೆ ಅಪೂರ್ಣವಾದುದು. ನೋವಿನಿಂದ ನರಳುವ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ ತಪಾಸಣೆಯನ್ನು ವಿರೋಧಿಸುವುದಿಲ್ಲ. ಕಾಯಿಲೆಯನ್ನು ಬೇಗನೆ ಗುರುತಿಸಿದರೆ ಪೆನಿಸಿಲಿನ್, ಲಸಿಕೆ, ಹೈಡ್ರಾಕ್ಸಿಯೂರಿಯಾದಂಥ ಔಷಧಿಗಳಿಂದ ಮಕ್ಕಳ ಆಯುಸ್ಸು ಹೆಚ್ಚುತ್ತದೆ, ನೋವು ತಗ್ಗುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಈ ಕಾಯಿಲೆಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ತಪಾಸಣೆಯ ಹಿಂದೆಯೇ ಚಿಕಿತ್ಸೆ ಬಂದರೆ ಜನರು ಅದನ್ನು ಆರೈಕೆಯಾಗಿ ಸ್ವೀಕರಿಸುತ್ತಾರೆ. ಕಾರ್ಡು ಮಾತ್ರ ಬಂದು ಔಷಧಿ ಬಾರದಿದ್ದರೆ ಅದು ಕಳಂಕವಾಗಿ ಉಳಿಯುತ್ತದೆ.

'ನಿರ್ಮೂಲನೆ' ಎಂಬ ಪದವನ್ನೂ ಎಚ್ಚರದಿಂದ ಬಳಸಬೇಕಾಗಿದೆ. ನಿರ್ಮೂಲವಾಗಬೇಕಾದುದು ಕಾಯಿಲೆಯ ನೋವೇ ಹೊರತು ಅದನ್ನು ಹೊತ್ತವರ ಮಾನವಲ್ಲ. ಮಲೇರಿಯಾದ ಕಾಡಿನಲ್ಲಿ ಒಂದು ಕಾಲಕ್ಕೆ ತಮ್ಮ ಹಿರಿಯರನ್ನು ಕಾಪಾಡಿದ ಎಳೆಯೇ ಇದೆಂಬ ಸತ್ಯವನ್ನು ಸಮುದಾಯಗಳಿಗೆ ತಿಳಿಸುವುದು ಕೂಡ ಸಲಹೆಯ ಭಾಗವಾಗಬೇಕು. ಬಳಿ, ಬೆಡಗು, ಸೋದರಿಕೆ, ಹಣೆಬರಹಗಳ ಅರ್ಥಲೋಕವನ್ನು ದಾಖಲಿಸಿಕೊಂಡು ಬಂದಿರುವ ಜಾನಪದ ವಿದ್ವಾಂಸರು ಈ ಕಾರ್ಯದಲ್ಲಿ ವೈದ್ಯರ ಪಕ್ಕದಲ್ಲಿ ನಿಲ್ಲಬಲ್ಲರು. ಪದಗಳನ್ನು ಆರಿಸಿಕೊಡುವುದು, ಯಾವ ಸಮುದಾಯದಲ್ಲಿ ಮದುವೆಯ ನಿರ್ಧಾರ ಯಾರದೆಂದು ತಿಳಿಸುವುದು, ಯಾವ ಹೋಲಿಕೆ ಎಲ್ಲಿ ಸಲ್ಲದೆಂದು ಎಚ್ಚರಿಸುವುದು ನಮ್ಮಿಂದ ಆಗಬಹುದಾದ ಕೆಲಸಗಳು. ಈ ದಿಶೆಯಲ್ಲಿ ಸಮುದಾಯವಾರು ಅಧ್ಯಯನಗಳು ನಡೆಯುವುದು ಇಂದಿನ ತುರ್ತು ಅಗತ್ಯವಾಗಿದೆ.